ಕೆಲಸ ನಿಲ್ಲಿಸಿ ಎನ್ನುವ ಹುದ್ದೆ

ವೆಲ್ಡರ್ ಟ್ಯಾಂಕಿನೊಳಗೆ ಇಳಿಯುವ ಮುನ್ನ ಗ್ಯಾಸ್ ಮೀಟರ್ ಇಳಿಯಬೇಕು. ಬಾಯಿಯ ಹತ್ತಿರ, ನಡುವೆ, ತಳದಲ್ಲಿ ಹೀಗೆ ಮೂರು ಕಡೆ ಗಾಳಿಯನ್ನು ಅಳೆಯುತ್ತಾರೆ. ಆಮ್ಲಜನಕ ಶೇ 19.5ಕ್ಕಿಂತ ಕೆಳಗಿದ್ದರೆ ಒಳಗಿಳಿಯಲು ಕೊಡುವ ಪರ್ಮಿಟ್‌ಗೆ ಸಹಿ ಬೀಳಬಾರದು. ಹೊರಗೆ ಫೋರ್‌ಮನ್ ಗಡಿಯಾರ ನೋಡುತ್ತಿರುತ್ತಾನೆ. ಉಕ್ಕಾಗಲಿ, ಸಿಮೆಂಟ್ ಆಗಲಿ, ರಾಸಾಯನಿಕವಾಗಲಿ, ಸುರಕ್ಷತಾ ಅಧಿಕಾರಿಯ ವೃತ್ತಿಜೀವನವೆಲ್ಲ ಆ ಸಹಿಗೂ ಆ ಗಡಿಯಾರಕ್ಕೂ ನಡುವೆಯೇ ಕಳೆಯುತ್ತದೆ.

ಈ ಹುದ್ದೆ ನಮ್ಮ ಕಾನೂನಿಗೆ ಬಂದದ್ದು ಬಹಳ ತಡವಾಗಿ. 1881ರ ಮೊದಲ ಕಾರ್ಖಾನೆ ಕಾಯ್ದೆ ಮುಖ್ಯವಾಗಿ ಮಕ್ಕಳ ದುಡಿಮೆಗೆ ಮಿತಿ ಹಾಕಿತು. ಗಣಿಗಳಿಗೆ 1901ರಲ್ಲಿ ಬೇರೆ ಕಾಯ್ದೆ ಬಂತು. ಅಷ್ಟು ಹೊತ್ತಿಗೆ ಕೋಲಾರದ ಚಿನ್ನದ ಗಣಿಗಳು ಆಳಕ್ಕೆ ಇಳಿಯುತ್ತಿದ್ದವು. ಅವುಗಳಿಗಾಗಿ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿಯಿತು. ಅಲ್ಲಿನ ಚಾಂಪಿಯನ್ ರೀಫ್ ಗಣಿ ಕೊನೆಗೆ 3 ಕಿಲೋಮೀಟರಿಗೂ ಕೆಳಗೆ ಹೋಯಿತು. ಅಲ್ಲಿ ಮೇಲಿನ ಭಾರಕ್ಕೆ ಬಂಡೆಯೇ ಸಿಡಿಯುತ್ತಿತ್ತು. ಅದರಿಂದ ಬದುಕುಳಿದವರ ಶ್ವಾಸಕೋಶಕ್ಕೆ ಕಲ್ಲಿನ ದೂಳು ಸೇರುತ್ತಿತ್ತು. ಚಿನ್ನದ ಲೆಕ್ಕ ಬರೆದಷ್ಟು ಶ್ರದ್ಧೆಯಿಂದ ಈ ದೂಳಿನ ಲೆಕ್ಕವನ್ನು ನಾವು ಬರೆದಿಡಲಿಲ್ಲ ಎಂಬ ನೋವು ನನಗಿದೆ.

1948ರ ಕಾರ್ಖಾನೆ ಕಾಯ್ದೆ ಯಂತ್ರಕ್ಕೆ ಬೇಲಿ ಹಾಕಿಸಿತು, ವಿಷಾನಿಲವಿರುವ ಟ್ಯಾಂಕಿಗೆ ಇಳಿಯಲು ಷರತ್ತು ವಿಧಿಸಿತು. ಆದರೆ ಅದನ್ನು ನೋಡಿಕೊಳ್ಳಲೆಂದೇ ಒಬ್ಬರನ್ನು ನೇಮಿಸಬೇಕೆಂಬ ಮಾತು ಸೇರಿದ್ದು 1976ರ ತಿದ್ದುಪಡಿಯಲ್ಲಿ. ಅದೂ 1,000 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ, ಇಲ್ಲವೇ ಅಪಾಯಕಾರಿ ಎಂದು ರಾಜ್ಯ ಸರ್ಕಾರಕ್ಕೆ ಅನ್ನಿಸಿದ ಕಡೆ ಮಾತ್ರ.

ಆಮೇಲೆ ಭೋಪಾಲ್. 1984ರ ಡಿಸೆಂಬರ್ 2ರ ನಡುರಾತ್ರಿ ಮೀಥೈಲ್ ಐಸೋಸಯನೇಟ್ ಎಂಬ ವಿಷಾನಿಲ ಊರಿನ ಮೇಲೆ ಹರಡಿತು. ಟ್ಯಾಂಕನ್ನು ತಂಪಾಗಿಡುವ ಘಟಕವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಅನಿಲವನ್ನು ಸುಡಬೇಕಿದ್ದ ಗೋಪುರದ ಪೈಪು ರಿಪೇರಿಗೆಂದು ಕಳಚಿತ್ತು. ಒಂದೇ ಕೀಲು ಸಡಿಲಾಗಿ ಆದ ಅನಾಹುತವಲ್ಲ ಅದು. ಕಾವಲುಗಳನ್ನು ಒಂದೊಂದಾಗಿ ತೆಗೆಯುತ್ತಾ ಬಂದಾಗ ಸ್ಥಾವರವನ್ನೇ ನಿಲ್ಲಿಸುವವರು ಯಾರೂ ಇರಲಿಲ್ಲ.

1987ರ ತಿದ್ದುಪಡಿ ಈ ಸಾವುಗಳ ನೆರಳಿನಲ್ಲೇ ಬಂತು. ಅಪಾಯದ ಮಾಹಿತಿಯನ್ನು ಕಾರ್ಮಿಕರಿಗೂ ಸುತ್ತಲಿನ ಜನರಿಗೂ ತಿಳಿಸಬೇಕು, ಸುರಕ್ಷತಾ ಸಮಿತಿಯಲ್ಲಿ ಕಾರ್ಮಿಕರಿಗೆ ಆಡಳಿತದಷ್ಟೇ ಸ್ಥಾನ ಇರಬೇಕು ಎಂದಾಯಿತು. ಕಾರ್ಮಿಕರ ಸುರಕ್ಷತೆ, ಆರೋಗ್ಯ ಕುರಿತ 2020ರ ಸಂಹಿತೆ ಸುರಕ್ಷತಾ ಅಧಿಕಾರಿಯನ್ನು ನೇಮಿಸಬೇಕಾದ ಮಿತಿಯನ್ನು ಕಾರ್ಖಾನೆಗೆ 500 ಕಾರ್ಮಿಕರಿಗೆ ಇಳಿಸಿತು, ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆಗೆ 250, ಗಣಿಗೆ 100 ಎಂದು ಗೊತ್ತುಮಾಡಿತು.

ಸಂಖ್ಯೆ ಇಳಿದದ್ದು ಒಳ್ಳೆಯದೇ. ನನ್ನನ್ನು ಕಾಡುವುದು ಬೇರೆ. ಕಾರ್ಖಾನೆ ಕಾಯ್ದೆಯಡಿಯ ನಿಯಮಗಳು ಈ ಅಧಿಕಾರಿಯ ಕೆಲಸವನ್ನು ಆಡಳಿತಕ್ಕೆ ಸಲಹೆ ಕೊಡುವುದು, ನೆರವಾಗುವುದು ಎಂದು ಹೇಳುತ್ತಾ ಬಂದಿವೆ. ಸಲಹೆಯನ್ನು ತಳ್ಳಿಹಾಕಬಹುದು, ಸಂಬಳ ಕೊಡುವವರೂ ಅವರೇ. ಇನ್ನು 40 ಜನರಿರುವ ಶೆಡ್ಡಿನಲ್ಲಿ ಈ ಹುದ್ದೆಯೇ ಕಡ್ಡಾಯವಲ್ಲ. ಅಲ್ಲಿ ಗುತ್ತಿಗೆ ಹುಡುಗನೊಬ್ಬ ಮೀಟರ್ ಇಲ್ಲದೆ ಟ್ಯಾಂಕಿಗೆ ಇಳಿಯುತ್ತಾನೆ. ಅವನು ಕುಸಿದರೆ ಎತ್ತಲೆಂದು ಇನ್ನೊಬ್ಬ ಹಾಗೆಯೇ ಹಿಂದೆ ಇಳಿಯುತ್ತಾನೆ.