ಹಡಗಿಗೆ ‘ಸ್ವಲ್ಪ ತಡಿ’ ಎಂದ ಊರು

ಕ್ರೊವೇಷಿಯಾದ ಡುಬ್ರೊವ್ನಿಕ್ ಊರಲ್ಲಿ ಒಂದು ನಿಯಮವಿದೆ. ಒಂದೇ ಹೊತ್ತಿಗೆ ಎರಡಕ್ಕಿಂತ ಜಾಸ್ತಿ ಕ್ರೂಸ್ ಹಡಗು ಬರುವಂತಿಲ್ಲ, ಅವುಗಳ ಪ್ರಯಾಣಿಕರು 4,000 ದಾಟುವಂತಿಲ್ಲ. ಪ್ರವಾಸಿಗರಿಂದಲೇ ಬದುಕುವ ಊರು ಹೀಗೆ ಹೇಳುತ್ತದೆ ಎಂದರೆ ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಆದರೆ ಹಡಗುಗಳನ್ನು ಕಾಯಿಸುವುದು ಈ ಊರಿಗೆ ಹೊಸತೇನಲ್ಲ. ಆರು ಶತಮಾನಗಳ ಹಿಂದೆಯೇ ಕಲಿತ ಪಾಠ ಅದು.

ಆಗ ಊರಿನ ಹೆಸರು ರಗೂಸಾ. ಏಡ್ರಿಯಾಟಿಕ್ ಸಮುದ್ರದ ದಂಡೆಯ ಪುಟ್ಟ ವ್ಯಾಪಾರಿ ಗಣರಾಜ್ಯ. ಸೈನ್ಯ ದೊಡ್ಡದಿರಲಿಲ್ಲ. ಒಟ್ಟೋಮನ್ ಸುಲ್ತಾನರಿಗೆ ಕಪ್ಪ ಕೊಟ್ಟು, ವೆನಿಸ್ ಜೊತೆ ಪೈಪೋಟಿ ಮಾಡಿಕೊಂಡು, ಹಡಗುಗಳ ಬಲದಿಂದಲೇ ಬದುಕಿತು. ಪ್ಲೇಗ್ ಹಬ್ಬಿದಾಗ ಅದಕ್ಕೆ ಧರ್ಮಸಂಕಟ. ಬಂದರು ಮುಚ್ಚಿದರೆ ಅನ್ನವಿಲ್ಲ, ತೆರೆದರೆ ಜೀವ ಉಳಿಯುವುದಿಲ್ಲ. 1377ರಲ್ಲಿ ಅಲ್ಲಿನ ಮಹಾಸಭೆ ನಡುದಾರಿ ಹುಡುಕಿತು. ಪ್ಲೇಗ್ ಇರುವ ಕಡೆಯಿಂದ ಬಂದವರು ಊರೊಳಗೆ ಕಾಲಿಡುವ ಮೊದಲು ಒಂದು ತಿಂಗಳು ಹತ್ತಿರದ ಮರ್ಕಾನ್ ದ್ವೀಪದಲ್ಲೋ, ಸಾವ್ಟಾಟ್ ಪಟ್ಟಣದಲ್ಲೋ ಕಳೆಯಬೇಕು. ಕ್ವಾರಂಟೈನ್ ಎಂದು ಇಡೀ ಜಗತ್ತಿಗೆ ಈಗ ಗೊತ್ತಿರುವ ಪದ್ಧತಿಯ ಮೊದಲ ಕಾನೂನುಗಳಲ್ಲಿ ಇದೂ ಒಂದು. ವ್ಯಾಪಾರ ನಿಲ್ಲಿಸಲಿಲ್ಲ, ಕಾಯಲು ಹೇಳಿದರು ಅಷ್ಟೇ. ಇದು ನನಗೆ ತುಂಬಾ ಜಾಣತನದ ಮಾತು ಅನ್ನಿಸುತ್ತದೆ.

1667ರ ಭೂಕಂಪದಲ್ಲಿ ಊರಿನ ಬಹುಭಾಗ ನೆಲಕಚ್ಚಿತು. ಮತ್ತೆ ಕಟ್ಟಿದರು. 1808ರಲ್ಲಿ ಫ್ರೆಂಚರು ಗಣರಾಜ್ಯವನ್ನೇ ಮುಗಿಸಿದರು. ಊರ ಸುತ್ತಲಿನ ಕೋಟೆ ಗೋಡೆಗಳು ಮಾತ್ರ ಉಳಿದವು. 1979ರಲ್ಲಿ ಯುನೆಸ್ಕೊ ಈ ಹಳೇ ಪಟ್ಟಣವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆಮೇಲೆ ಯುದ್ಧ. ಕ್ರೊವೇಷಿಯಾ ಆಗ ಸೇರಿದ್ದ ಯುಗೊಸ್ಲಾವಿಯಾ ದೇಶ ಒಡೆಯುತ್ತಿದ್ದ ಹೊತ್ತು. 1991ರ ಅಕ್ಟೋಬರ್‌ನಲ್ಲಿ ಯುಗೊಸ್ಲಾವ್ ಸೈನ್ಯ ಊರಿಗೆ ಮುತ್ತಿಗೆ ಹಾಕಿತು. ಡಿಸೆಂಬರ್ 6ರಂದು ಹಳೇ ಪಟ್ಟಣದ ಮೇಲೆ ಶೆಲ್‌ಗಳ ಸುರಿಮಳೆ. ಇವತ್ತು ಕೋಟೆ ಗೋಡೆ ಮೇಲೆ ನಿಂತು ನೋಡಿದರೆ ಹೆಚ್ಚಿನ ಹೆಂಚುಗಳು ಕೆಂಪಗೆ ಹೊಳೆಯುತ್ತವೆ. ಯುದ್ಧದ ನಂತರ ಹೊದಿಸಿದವು ಅವು. ಅಲ್ಲೊಂದು ಇಲ್ಲೊಂದು ಮಾಸಿದ ಹೆಂಚು ಕಂಡರೆ ಅದು ಉಳಿದುಕೊಂಡ ಹಳೆಯ ಸೂರು. ಸಾವಿರಾರು ಜನ ಆ ಕೆಂಪು ಬಣ್ಣ ಚಂದ ಎಂದು ಫೋಟೊ ತೆಗೆಯುತ್ತಾರೆ. ಅದು ಯಾಕೆ ಹಾಗಿದೆ ಎಂದು ಒಂದು ಕ್ಷಣ ಯೋಚಿಸಿದರೆ ಚೆನ್ನಾಗಿರುತ್ತದೆ.

ಯುದ್ಧ ಮುಗಿದಾಗ ಕೈಯಲ್ಲಿ ಕೆಲಸವಿಲ್ಲ, ಹೋಟೆಲುಗಳು ಖಾಲಿ. ಆ ಸ್ಥಿತಿಯಲ್ಲಿ ಬರುವ ಹಡಗನ್ನು ಯಾರು ಬೇಡ ಅನ್ನುತ್ತಾರೆ? ಹಾಗಾಗಿ ಎಲ್ಲವನ್ನೂ ಕರೆದರು. ಹಡಗುಗಳು ವರ್ಷದಿಂದ ವರ್ಷಕ್ಕೆ ದೊಡ್ಡದಾದವು, ಜಾಸ್ತಿಯೂ ಆದವು. 2011ರಿಂದ ಒಂದು ಜನಪ್ರಿಯ ಟಿವಿ ಧಾರಾವಾಹಿಯ ಚಿತ್ರೀಕರಣ ಇಲ್ಲಿ ನಡೆದ ಮೇಲೆ ಊರಿನ ಹೆಸರು ಎಲ್ಲೆಡೆ ಹರಡಿತು. 2013ರ ಹೊತ್ತಿಗೆ ಹಡಗಿನಲ್ಲಿ ಬರುವವರೇ ವರ್ಷಕ್ಕೆ 10 ಲಕ್ಷ ದಾಟಿದರು.

ಈ ಸಂಖ್ಯೆ ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಊರು ಎಷ್ಟು ಚಿಕ್ಕದು ಎಂದು ನೋಡಬೇಕು. ಕೋಟೆ ಗೋಡೆಯ ಸುತ್ತಳತೆ 1,940 ಮೀಟರ್, ಅಂದರೆ ಎರಡು ಕಿಲೋಮೀಟರ್ ಕೂಡ ಇಲ್ಲ. ಒಳಗಿನ ಮುಖ್ಯ ಬೀದಿ ಸ್ಟ್ರಾಡುನ್ ಸುಮಾರು 300 ಮೀಟರ್ ಉದ್ದ. ಅದರ ಸುಣ್ಣಕಲ್ಲು ಜನರ ಕಾಲಡಿಯಲ್ಲಿ ಸವೆದು ಕನ್ನಡಿಯಂತಾಗಿದೆ. ಪಶ್ಚಿಮಕ್ಕೆ ಪಿಲೆ ಬಾಗಿಲು, ಪೂರ್ವಕ್ಕೆ ಪ್ಲೊಚೆ ಬಾಗಿಲು. ದೊಡ್ಡ ಹಡಗುಗಳು ಕೆಲವು ಕಿಲೋಮೀಟರ್ ಆಚೆಯ ಗ್ರುಜ್ ಬಂದರಿನಲ್ಲಿ ನಿಲ್ಲುತ್ತವೆ. ಅಲ್ಲಿಂದ ಬಸ್ಸುಗಳು ಜನರನ್ನು ತಂದು ಪಿಲೆ ಬಾಗಿಲ ಬಳಿ ಇಳಿಸುತ್ತವೆ. ಕೆಲವು ಹಡಗುಗಳು ಲೋಕ್ರುಮ್ ದ್ವೀಪದ ಹತ್ತಿರ ಲಂಗರು ಹಾಕಿ, ಸಣ್ಣ ದೋಣಿಗಳಲ್ಲಿ ಜನರನ್ನು ಹಳೇ ಬಂದರಿಗೆ ಕಳಿಸುತ್ತವೆ.

ವರ್ಷಕ್ಕೆ ಎಷ್ಟು ಜನ ಬಂದರು ಎಂದು ಸುಮ್ನೆ ಲೆಕ್ಕ ಹಾಕಿದರೆ ನಿಜವಾದ ತೊಂದರೆ ಕಾಣುವುದಿಲ್ಲ. ಎಲ್ಲರೂ ಒಂದೇ ಹೊತ್ತಿಗೆ ಬರುವುದೇ ತೊಂದರೆ. ಬೆಳಿಗ್ಗೆ ಇಳಿಯುತ್ತಾರೆ, ಸಂಜೆಯೊಳಗೆ ಹತ್ತಬೇಕು. ಹಾಗಾಗಿ ನಡುಹಗಲಲ್ಲಿ ಕೋಟೆ ಬಾಗಿಲಲ್ಲಿ ಜಾತ್ರೆ. ಊಟ, ನಿದ್ದೆ ಎಲ್ಲ ಹಡಗಿನಲ್ಲೇ ಆಗುವುದರಿಂದ ಊರಲ್ಲಿ ಖರ್ಚಾಗುವ ದುಡ್ಡು ಕಡಿಮೆ. ಕಸ ಎತ್ತುವ, ಬೀದಿ ತೊಳೆಯುವ ಕೆಲಸ ಮಾತ್ರ ಊರಿನ ಪಾಲಿಗೆ. ತಪ್ಪು ಪ್ರಯಾಣಿಕರದ್ದಲ್ಲ. ಅವರಿಗೆ ಸಿಗುವುದೇ ಆ ಕೆಲವು ಗಂಟೆ.

ಯುನೆಸ್ಕೊ ಎಚ್ಚರಿಸಿತು. ಒಂದೇ ಹೊತ್ತಿಗೆ ಹಳೇ ಪಟ್ಟಣದಲ್ಲಿ 8,000ಕ್ಕಿಂತ ಜಾಸ್ತಿ ಜನ ಇರಬಾರದು ಎಂದಿತು. 2017ರಲ್ಲಿ ಮೇಯರ್ ಆದ ಮಾಟೊ ಫ್ರಾಂಕೊವಿಚ್ ಅದನ್ನೂ ಅರ್ಧಕ್ಕೆ ಇಳಿಸುತ್ತೇವೆ ಎಂದರು. ‘ಊರನ್ನು ಗೌರವಿಸಿ’ ಎಂಬ ಯೋಜನೆ ಶುರುವಾಯಿತು. ಬಾಗಿಲುಗಳಲ್ಲಿ ಜನರನ್ನು ಎಣಿಸುವ ಕ್ಯಾಮೆರಾ ಬಂದವು. ಬೀದಿಯ ಅಂಗಡಿ, ಹೋಟೆಲ್ ಮೇಜುಗಳು ಕಡಿಮೆಯಾದವು.

ಹಡಗುಗಳ ವಿಷಯ ಮಾತ್ರ ಬೇಗ ಬಗೆಹರಿಯುವಂಥದ್ದಲ್ಲ. ಕಂಪನಿಗಳು ಪ್ರಯಾಣದ ವೇಳಾಪಟ್ಟಿಯನ್ನು ವರ್ಷಗಟ್ಟಲೆ ಮೊದಲೇ ಮಾಡಿ ಟಿಕೆಟ್ ಮಾರಿಬಿಟ್ಟಿರುತ್ತವೆ. ಇಂದು ನಿರ್ಧರಿಸಿದರೆ ನಾಳೆ ಬದಲಾಗುವುದಿಲ್ಲ. ಹಡಗು ಕಂಪನಿಗಳ ಒಕ್ಕೂಟದೊಂದಿಗೆ ಕೂತು ಮಾತಾಡಿ, 2019ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಒಂದರ ಹಿಂದೊಂದು ಬರುವಂತೆ ಹೊತ್ತು ಹಂಚಿದರು. ನಂತರ ಹಡಗು ಕನಿಷ್ಠ ಎಂಟು ಗಂಟೆ ನಿಲ್ಲಬೇಕು ಎಂಬ ನಿಯಮವೂ ಬಂತು. ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ನಿಯಮ. ಹೊತ್ತು ಸಿಕ್ಕರೆ ಜನ ಓಡುವುದಿಲ್ಲ. ಕೂತು ಊಟ ಮಾಡುತ್ತಾರೆ, ಓಣಿಗಳಿಗೆ ಹೋಗುತ್ತಾರೆ.

ಒಂದು ಗಾಯ ಮಾತ್ರ ಇನ್ನೂ ಮಾಯ್ದಿಲ್ಲ. 1991ರಲ್ಲಿ ಗೋಡೆಯೊಳಗೆ ಸುಮಾರು 5,000 ಜನ ವಾಸವಿದ್ದರು. ಈಗ ಸಾವಿರ ಚಿಲ್ಲರೆ. ಎಷ್ಟೋ ಮನೆಗಳು ಪ್ರವಾಸಿಗರ ಬಾಡಿಗೆ ಕೋಣೆಗಳಾದವು. ಹಡಗನ್ನು ಕಾಯಿಸಬಹುದು, ಹೋದ ಮನೆಯವರನ್ನು ವಾಪಸ್ ಕರೆಯುವುದು ಕಷ್ಟ. ಅದಕ್ಕೇ ನಗರಸಭೆ ಹಳೇ ಪಟ್ಟಣದಲ್ಲಿ ಬಾಡಿಗೆ ಕೋಣೆಗಳಿಗೆ ಹೊಸ ಪರವಾನಗಿ ಕೊಡುವುದನ್ನು ನಿಲ್ಲಿಸುವ ಹೆಜ್ಜೆ ಇಟ್ಟಿದೆ. ಗೋಡೆಯೊಳಗೆ ಮನೆಗಳನ್ನು ತಾನೇ ಕೊಂಡು, ಮಕ್ಕಳಿರುವ ಸಂಸಾರಗಳಿಗೆ ಬಾಡಿಗೆಗೆ ಕೊಡುವ ಪ್ರಯತ್ನವನ್ನೂ ಮಾಡುತ್ತಿದೆ.