ಅಫ್ಘನ್ ಕಾದಂಬರಿ ಓದಿ ಅತ್ತವರಿಗೆ ಏನು ನೆನಪಿದೆ?

ಅಫ್ಘಾನಿಸ್ತಾನದ ಕಾದಂಬರಿ ಓದಿದವರನ್ನು ಮಾತಾಡಿಸಿ ನೋಡಿ. 'ಓದಿ ಅತ್ತುಬಿಟ್ಟೆ' ಅನ್ನುವವರೇ ಜಾಸ್ತಿ. ಆ ಅಳು ಸುಳ್ಳಲ್ಲ. ಆದರೆ ಅದರಿಂದ ಆದದ್ದೇನು ಅನ್ನುವ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಈ ಪುಸ್ತಕಗಳು ಓದುಗರ ಕಣ್ಣು ತೆರೆಸಿದವು ಎಂದು ಕೆಲವರು. ಇಡೀ ಒಂದು ದೇಶವನ್ನು 'ಅಯ್ಯೋ ಪಾಪ' ಮಾಡಿಟ್ಟವು ಎಂದು ಇನ್ನು ಕೆಲವರು. ನಡುವೆ ಸಿನಿಮಾ, ನಿಷೇಧ, ಯುದ್ಧ ಎಲ್ಲ ಸೇರಿಕೊಂಡು ಗೋಜಲಾಗಿದೆ. ಸ್ವಲ್ಪ ಹಿಂದಿನಿಂದ ಬರೋಣ.

ಗಾಂಧಾರಿ, ಶಕುನಿ, ಹಿಂಗು, ಕಾಬೂಲ್ ಕಡಲೆ ಬಿಟ್ಟರೆ ಆ ದೇಶದ ಜತೆ ನಮ್ಮ ಪರಿಚಯ ಅಷ್ಟಕ್ಕಷ್ಟೆ. ನಮ್ಮಲ್ಲಿ ಬಹಳ ಜನ ಕತೆಯೊಳಗೆ ಕಂಡ ಮೊದಲ ಅಫ್ಘನ್ ಟ್ಯಾಗೋರರ 'ಕಾಬೂಲಿವಾಲ'. 1892ರ ಕತೆ. ರಹಮತ್ ಕಲ್ಕತ್ತೆಯಲ್ಲಿ ದ್ರಾಕ್ಷಿ, ಒಣಹಣ್ಣು ಮಾರುತ್ತಾನೆ, ವರ್ಷಕ್ಕೊಮ್ಮೆ ಊರಿಗೆ ಹೋಗಿ ಬರುತ್ತಾನೆ. ಮಗಳ ಪುಟ್ಟ ಕೈಗೆ ಮಸಿ ಬಳಿದು ಒತ್ತಿಸಿಕೊಂಡ ಕಾಗದವನ್ನು ಎದೆ ಹತ್ತಿರ ಇಟ್ಟುಕೊಂಡಿರುತ್ತಾನೆ. ಅದನ್ನು ನೋಡಿದ ಬಂಗಾಳಿ ಬಾಬುವಿಗೆ, ಇವನೂ ನನ್ನ ಹಾಗೆ ಒಬ್ಬ ಅಪ್ಪ ಅನ್ನಿಸುತ್ತದೆ. ಮಗಳ ಮದುವೆಯ ದೀಪ, ಬ್ಯಾಂಡಿನ ಖರ್ಚು ಉಳಿಸಿ ರಹಮತನಿಗೆ ಊರಿಗೆ ಹೋಗಲು ದುಡ್ಡು ಕೊಡುತ್ತಾನೆ. ಮುಂದೆ ಬಂದ ಕತೆಗಳೂ ಓದುಗರಿಗೆ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಮೊದಲು 'ಇವನೂ ನಮ್ಮಂತೆಯೇ' ಅನ್ನಿಸುತ್ತವೆ, ಆಮೇಲೆ ಕೈ ಜೇಬಿಗೆ ಹೋಗುತ್ತದೆ. ಅವನು ನಮ್ಮಂತಿಲ್ಲದ ಜಾಗ ಯಾವುದು ಅಂತ ಯಾರೂ ಕೇಳುವುದಿಲ್ಲ.

1973ರಲ್ಲಿ ದೊರೆಯ ಪಟ್ಟ ಹೋಯಿತು, 1978ರಲ್ಲಿ ಕಮ್ಯುನಿಸ್ಟರು ಬಂದರು, 1979ರ ಕೊನೆಗೆ ಸೋವಿಯತ್ ಸೇನೆ ಬಂತು, 1989ರಲ್ಲಿ ವಾಪಸಾಯಿತು, 1996ರಲ್ಲಿ ತಾಲಿಬಾನ್ ಕಾಬೂಲ್ ಹಿಡಿಯಿತು. 1990ರ ಹೊತ್ತಿಗೆ ಸುಮಾರು 60 ಲಕ್ಷ ಜನ ಊರು ಬಿಟ್ಟು ಪಾಕಿಸ್ತಾನ, ಇರಾನ್ ಸೇರಿದ್ದರು. ಅಮೆರಿಕ, ಯುರೋಪಿಗೆ ಹೋದವರು ಅವರ ಮುಂದೆ ಬೆರಳೆಣಿಕೆ. ಈ ಲೆಕ್ಕ ಮುಂದೆ ಬೇಕಾಗುತ್ತದೆ.

ಇಷ್ಟರಲ್ಲೂ ಅಲ್ಲಿನವರು ಓದುವುದನ್ನು, ಬರೆಯುವುದನ್ನು ಬಿಟ್ಟಿರಲಿಲ್ಲ. ತಾಲಿಬಾನ್ ಕಾಲದ ಹೆರಾತ್ ನಗರದಲ್ಲಿ ಹೆಂಗಸರು ಹೊಲಿಗೆ ಕ್ಲಾಸಿಗೆ ಅಂತ ಹೋಗುತ್ತಿದ್ದರು. ಚೀಲದ ಮೇಲ್ಗಡೆ ಬಟ್ಟೆ, ಕತ್ತರಿ. ಅಡಿಯಲ್ಲಿ ಪುಸ್ತಕ. ಒಳಗೆ ನಡೆಯುತ್ತಿದ್ದದ್ದು ಸಾಹಿತ್ಯದ ಪಾಠ. ಇದೆಲ್ಲ ದರಿ, ಪಶ್ತೊ ಭಾಷೆಗಳಲ್ಲಿತ್ತು. ಹೊರಗಿನ ಓದುಗರಿಗೆ ಬೇಕಾಗಿಯೂ ಇರಲಿಲ್ಲ ಅನ್ನಿ.

ಬೇಕಾದದ್ದು 2001ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಲೆ ದಾಳಿಯಾಗಿ, ಅಮೆರಿಕ ಅಫ್ಘಾನಿಸ್ತಾನಕ್ಕೆ ಯುದ್ಧಕ್ಕೆ ಹೋದ ನಂತರ. ಟೀವಿಯಲ್ಲಿ ದಿನಾ ಗಡ್ಡ, ಬಂದೂಕು, ಧೂಳು. ಆ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ರೇಡಿಯೊದಲ್ಲಿ ಮಾತಾಡಿ, ಭಯೋತ್ಪಾದನೆ ವಿರುದ್ಧದ ಹೋರಾಟ ಹೆಣ್ಣುಮಕ್ಕಳ ಹಕ್ಕಿನ ಹೋರಾಟವೂ ಹೌದು ಎಂದರು. ಯುದ್ಧಕ್ಕೂ ಕರುಣೆಗೂ ಗಂಟು ಬಿತ್ತು. 2003ರಲ್ಲಿ ಖಾಲಿದ್ ಹುಸೇನಿಯವರ 'ದಿ ಕೈಟ್ ರನ್ನರ್' ಬಂದದ್ದು ಈ ಹೊತ್ತಿನಲ್ಲಿ. ಕಾಬೂಲಿನಲ್ಲಿ ಹುಟ್ಟಿ, ಅಪ್ಪ ರಾಜತಾಂತ್ರಿಕರಾಗಿದ್ದ ಕಾರಣ ಪ್ಯಾರಿಸ್ಸಿಗೆ ಹೋಗಿ, 1980ರಲ್ಲಿ ಅಮೆರಿಕದಲ್ಲಿ ಆಶ್ರಯ ಪಡೆದ ಡಾಕ್ಟರು ಅವರು. ಪುಸ್ತಕ ಬಂದ ಕೂಡಲೇ ಗದ್ದಲವಾಗಲಿಲ್ಲ. ಅಗ್ಗದ ಆವೃತ್ತಿ ಬಂದ ಮೇಲೆ, ಮನೆಮನೆಯ ಓದುಗರ ಕೂಟಗಳು ಅದನ್ನು ಬಾಯಿಂದ ಬಾಯಿಗೆ ದಾಟಿಸಿದವು. ಬೆಂಗಳೂರಿನ ಫುಟ್‌ಪಾತ್‌ಗಳಲ್ಲಿ ನಕಲಿ ಪ್ರತಿಗಳ ರಾಶಿಯಲ್ಲೂ ಅದು ಮೇಲೇ ಇರುತ್ತಿತ್ತು.

ಆ ಕಾದಂಬರಿಯಲ್ಲಿ ಒಂದು ಜಾಗವಿದೆ. ಕಾಬೂಲಿನಲ್ಲಿ ದೊಡ್ಡ ಕುಳವಾಗಿದ್ದ ಬಾಬಾ ಈಗ ಕ್ಯಾಲಿಫೋರ್ನಿಯದಲ್ಲಿ ಪೆಟ್ರೋಲ್ ಬಂಕ್ ಕೆಲಸಗಾರ. ದಿನಸಿ ಅಂಗಡಿಯಲ್ಲಿ ಕಿತ್ತಳೆ ಕೊಂಡು ಚೆಕ್ ಬರೆಯುತ್ತಾನೆ. ಅಂಗಡಿಯವರು ಗುರುತಿನ ಚೀಟಿ ಕೇಳುತ್ತಾರೆ. ಎರಡು ವರ್ಷದಿಂದ ಹಣ್ಣು ಕೊಂಡರೂ ನಂಬಿಕೆ ಇಲ್ಲವೇ ಎಂದು ಬಾಬಾ ಅಲ್ಲೇ ರೇಗಾಡುತ್ತಾನೆ. ಮಗನಿಗೆ ಕಾಬೂಲು ನೆನಪಾಗುತ್ತದೆ. ಅಲ್ಲಿ ಮರದ ಕೋಲು ಹಿಡಿದು ರೊಟ್ಟಿ ಅಂಗಡಿಗೆ ಹೋದರೆ ಸಾಕಿತ್ತು. ತಂದೂರಿನಿಂದ ತೆಗೆದ ಒಂದೊಂದು ರೊಟ್ಟಿಗೆ ಅಂಗಡಿಯವ ಕೋಲಿನ ಮೇಲೆ ಚಾಕುವಿನಿಂದ ಒಂದೊಂದು ಗೀಟು ಹಾಕುತ್ತಿದ್ದ. ತಿಂಗಳ ಕೊನೆಗೆ ಗೀಟು ಎಣಿಸಿ ದುಡ್ಡು. ಅಷ್ಟೇ. ಗುರುತು ಯಾರೂ ಕೇಳುತ್ತಿರಲಿಲ್ಲ.

ಊರು ಬಿಟ್ಟವನು ಏನು ಕಳೆದುಕೊಳ್ಳುತ್ತಾನೆ ಅನ್ನುವುದನ್ನು ಇಷ್ಟು ಚಿಕ್ಕದಾಗಿ ಹೇಳಿದ ಪುಟ ಸಿಗುವುದು ಕಷ್ಟ. ಅದೇ ಪುಸ್ತಕದಲ್ಲಿ ಇನ್ನೊಬ್ಬ ಜನರಲ್ ಸಾಹೇಬರಿದ್ದಾರೆ. ಸರ್ಕಾರಿ ಭತ್ಯೆಯಲ್ಲಿ ಬದುಕುತ್ತಾ, ಬೂದು ಸೂಟು ಹಾಕಿಕೊಂಡು, ಕಾಬೂಲಿನಿಂದ ಮಂತ್ರಿಗಿರಿಗೆ ಕರೆ ಬರುತ್ತದೆ ಅಂತ ಕಾಯುತ್ತಾ ಕೂತವರು. ಆದರೆ ಓದಿದವರನ್ನು ಕೇಳಿದರೆ ಕೋಲೂ ಬರುವುದಿಲ್ಲ, ಜನರಲ್ ಸಾಹೇಬರೂ ಬರುವುದಿಲ್ಲ. ಓಣಿಯಲ್ಲಿ ಹುಡುಗನ ಮೇಲೆ ನಡೆದ ಅತ್ಯಾಚಾರ, ಸ್ಟೇಡಿಯಂನಲ್ಲಿ ಕಲ್ಲು ಹೊಡೆದು ಕೊಂದದ್ದು, ಇವೇ ಬರುತ್ತವೆ. ಇದು ಬರೆದವರ ತಪ್ಪು ಅಂತೀರಾ? ಓದುಗರು ತಮಗೆ ಮೊದಲೇ ಗೊತ್ತಿದ್ದದ್ದನ್ನೇ ಹುಡುಕಿ ಎತ್ತಿಕೊಂಡರೇನೋ.

ಒಳ್ಳೆಯದೂ ಆಯಿತು, ಇಲ್ಲ ಅನ್ನಲಾಗದು. ಹಜಾರಾ ಅನ್ನುವ ಜನ ಇದ್ದಾರೆ, ಅವರನ್ನು ಶತಮಾನದಿಂದ ತುಳಿಯಲಾಗಿದೆ ಅನ್ನುವುದು ಲಕ್ಷಾಂತರ ಓದುಗರಿಗೆ ತಿಳಿದದ್ದೇ ಈ ಪುಸ್ತಕದಿಂದ. 2006ರಲ್ಲಿ ಹುಸೇನಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಸದ್ಭಾವನಾ ರಾಯಭಾರಿಯಾದರು. ಅವರ ಪ್ರತಿಷ್ಠಾನದ ಹಣದಿಂದ ವಾಪಸ್ ಬಂದ ಕುಟುಂಬಗಳಿಗೆ ಸೂರು ಸಿಕ್ಕಿತು. ಬರೀ ಕಣ್ಣೀರಲ್ಲಿ ಎಲ್ಲ ಮುಗಿಯಲಿಲ್ಲ.

ಅಫ್ಘನ್ ಓದುಗರ ಮಾತೇ ಬೇರೆ. ಮನೆಯ ಗುಟ್ಟನ್ನು ಬೀದಿಗೆ ತಂದ ಅಂತ ಪರದೇಶದ ಅಫ್ಘನ್ನರಲ್ಲೇ ಕೆಲವರು ಸಿಟ್ಟಾದರು. ಈ ಕಾದಂಬರಿಯನ್ನು ಸಿನಿಮಾ ಮಾಡುವಾಗ ಕಾಬೂಲಿನಲ್ಲಿ ಚಿತ್ರೀಕರಿಸುವುದು ಅಪಾಯ ಅಂತ ಚೀನಾದ ಕಾಶ್ಗರ್‌ಗೆ ಹೋದರು. ಅತ್ಯಾಚಾರದ ದೃಶ್ಯದಿಂದ ಬಾಲನಟರಿಗೆ ತೊಂದರೆಯಾದೀತು ಅಂತ ಬಿಡುಗಡೆಯನ್ನೇ ಮುಂದಕ್ಕೆ ಹಾಕಿ, 2007ರಲ್ಲಿ ಆ ಮಕ್ಕಳನ್ನು ಯುಎಇಗೆ ಕಳಿಸಿದರು. 2008ರ ಜನವರಿಯಲ್ಲಿ ಅಫ್ಘನ್ ಸರ್ಕಾರ ಸಿನಿಮಾ ನಿಷೇಧಿಸಿತು. ಊರು ಬಿಟ್ಟವರ ಕತೆಯಲ್ಲಿ ನಟಿಸಿದ್ದಕ್ಕೆ ಮಕ್ಕಳು ಊರು ಬಿಡಬೇಕಾಯಿತು. ಓದುಗರ ಕೂಟದ ಚರ್ಚೆಯಲ್ಲಿ ಈ ಸಂಗತಿ ಅಷ್ಟಾಗಿ ಬರುವುದಿಲ್ಲ.

ಕತೆ ಓದಿದರೆ ಸಹಾನುಭೂತಿ ಹೆಚ್ಚುತ್ತದೆಯೇ ಅಂತ ವಿಜ್ಞಾನಿಗಳೂ ಅಳೆದಿದ್ದಾರೆ. ಒಳ್ಳೆಯ ಕಥಾಸಾಹಿತ್ಯದ ತುಣುಕು ಓದಿದವರು ಬೇರೆಯವರ ಭಾವನೆಯನ್ನು ಮುಖ ನೋಡಿ ಚೆನ್ನಾಗಿ ಊಹಿಸುತ್ತಾರೆ ಎಂಬ ಅಧ್ಯಯನ 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಸಿಕ್ಕಾಪಟ್ಟೆ ಸುದ್ದಿಯಾಯಿತು. ಬೇರೆ ತಂಡಗಳು ಮತ್ತೆ ಮಾಡಿ ನೋಡಿದಾಗ ಅದೇ ಫಲ ಸಿಗಲಿಲ್ಲ. ಇದು ಮಾತ್ರ ಸುದ್ದಿಯಾಗಲಿಲ್ಲ.

ಈಗ ಆ ಹಳೆಯ ಲೆಕ್ಕಕ್ಕೆ ಬರೋಣ. ಊರು ಬಿಟ್ಟವರಲ್ಲಿ ಬಹುಪಾಲು ಜನ ಪಾಕಿಸ್ತಾನದ ಪೇಶಾವರ, ಕ್ವೆಟ್ಟಾ, ಇರಾನಿನ ಮಶ್ಹದ್‌ನಂಥ ಊರುಗಳಲ್ಲಿ ಉಳಿದರು. ನಾವು ಓದಿ ಅತ್ತ ಕತೆಗಳು ಮಾತ್ರ ಹೆಚ್ಚಾಗಿ ಕ್ಯಾಲಿಫೋರ್ನಿಯಕ್ಕೋ ಪ್ಯಾರಿಸ್ಸಿಗೋ ತಲುಪಿದವರದು. ಹಾಗಾಗಿ ವಲಸೆ ಅಂದರೆ ವಿಮಾನ, ಹೊಸ ಬದುಕು ಅಂತ ತಲೆಯಲ್ಲಿ ಕೂತಿದೆ. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಮತ್ತೆ ಕಾಬೂಲ್ ಹಿಡಿದಾಗ, ಓಡಿಹೋಗಲು ವಿಮಾನ ನಿಲ್ದಾಣಕ್ಕೆ ಮುಗಿಬಿದ್ದವರ ದೃಶ್ಯ ನೋಡಿ ಇಡೀ ಜಗತ್ತೇ ಮರುಗಿತು. 2023ರ ಕೊನೆಯಿಂದ ಪಾಕಿಸ್ತಾನವೂ, 2025ರಲ್ಲಿ ಇರಾನೂ ಲಕ್ಷಗಟ್ಟಲೆ ಅಫ್ಘನ್ನರನ್ನು ವಾಪಸ್ ಕಳಿಸಿದಾಗ ಅಷ್ಟು ಮರುಕ ಕಾಣಲಿಲ್ಲ. ಲಾರಿಯಲ್ಲಿ ಸಾಮಾನು ಹೇರಿಕೊಂಡು ಪಾಕಿಸ್ತಾನದಿಂದ ತೋರ್ಖಂ ಗಡಿ ದಾಟುವವರ ಬಗ್ಗೆ ನಾವು ಯಾವ ಕಾದಂಬರಿಯನ್ನೂ ಓದಿರಲಿಲ್ಲ, ಅಲ್ವಾ?

ಬರೆಯುವವರು ಸ್ವಲ್ಪ ಬದಲಾಗಿದ್ದಾರೆ. 2022ರಲ್ಲಿ 18 ಅಫ್ಘನ್ ಲೇಖಕಿಯರು ದರಿ, ಪಶ್ತೊಗಳಲ್ಲಿ ಬರೆದ ಸಣ್ಣಕತೆಗಳ ಸಂಕಲನ ಇಂಗ್ಲಿಷಿಗೆ ಬಂತು. ಪೇಶಾವರದ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಜಮೀಲ್ ಜಾನ್ ಕೊಚಾಯ್ 2019ರಲ್ಲಿ '99 ನೈಟ್ಸ್ ಇನ್ ಲೋಗರ್' ಬರೆದರು. ಅಮೆರಿಕದಿಂದ ರಜೆಗೆ ಬಂದ ಹುಡುಗ ತನ್ನ ಬೆರಳ ತುದಿ ಕಚ್ಚಿಕೊಂಡು ಹೋದ ನಾಯಿಯನ್ನು ಹುಡುಕುತ್ತಾ ಅಲೆಯುವ ಕತೆ. ನಗು ಬರುತ್ತದೆ. ಹುಡುಗ ಪುಸ್ತಕದುದ್ದಕ್ಕೂ ತಿಳಿದುಕೊಳ್ಳಲು ಒದ್ದಾಡಿದ ಮನೆಯ ದುಃಖವೊಂದನ್ನು ಕೊನೆಗೆ ಬರೀ ಪಶ್ತೊದಲ್ಲೇ ಅಚ್ಚು ಹಾಕಿದ್ದಾರೆ. ಅನುವಾದ ಇಲ್ಲ. ಕೆಲವರಿಗೆ ಇದು ಮೋಸ ಅನ್ನಿಸಬಹುದು. ನನಗೆ ಸರಿಯಾಗಿಯೇ ಇದೆ ಅನ್ನಿಸಿತು. ಏನು ಬರೆದಿದೆ ಅಂತ ತಿಳಿಯಬೇಕಾದರೆ ಪಶ್ತೊ ಬರುವವರನ್ನು ಹುಡುಕಿ ಕೇಳಬೇಕು. ಮೈಸೂರು ವಿಶ್ವವಿದ್ಯಾಲಯದಲ್ಲಿ ಅಫ್ಘನ್ ವಿದ್ಯಾರ್ಥಿಗಳು ಎಷ್ಟೋ ವರ್ಷಗಳಿಂದ ಬಂದು ಓದಿಹೋಗುತ್ತಿದ್ದಾರೆ. ಅವರನ್ನೇ ಕೇಳಬಹುದು.