ಉಳ್ಳಾಗಡ್ಡಿ, ಬಟಾಟಿ ಒಂದೇ ಬುಟ್ಟಿಯಲ್ಲಿ ಇಡಬಹುದೇ?

ಪ್ರಶ್ನೆ: ನಾವು ವಿಜಯಪುರದವರು. ಸಂತೆಯಿಂದ ತಂದ ಕಾಯಿಪಲ್ಲೆ ಎಲ್ಲಾ ಒಂದೇ ಬುಟ್ಟಿಗೆ ಸುರಿಯುತ್ತೇವೆ. ಬಟಾಟಿ ಮೊಳಕೆ ಒಡೆಯುತ್ತದೆ, ಉಳ್ಳಾಗಡ್ಡಿ ಕೊಳೆಯುತ್ತದೆ, ಸವತಿಕಾಯಿ ಹಳದಿಯಾಗುತ್ತದೆ. ಯಾಕೆ?

ಉತ್ತರ: ಮೊದಲು ಉಳ್ಳಾಗಡ್ಡಿ ಮತ್ತು ಬಟಾಟಿಯನ್ನು ಬೇರೆ ಮಾಡಿ. ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ.

ಕಿತ್ತ ಮೇಲೂ ಕಾಯಿಪಲ್ಲೆ ಉಸಿರಾಡುತ್ತಲೇ ಇರುತ್ತದೆ, ತೇವ ಬಿಡುತ್ತದೆ. ಬಟಾಟಿಗೆ ತಂಪು, ಕತ್ತಲೆ, ಸ್ವಲ್ಪ ತೇವ ಬೇಕು. ಉಳ್ಳಾಗಡ್ಡಿಗೆ ತೇವವೇ ಆಗದು. ನಮ್ಮ ಕಡೆ ರೈತರು ಅದನ್ನು ನೆಲದಿಂದ ಎತ್ತರಿಸಿ, ಸುತ್ತಲೂ ಗಾಳಿ ಆಡುವ ಹಾಗೆ ಇಡುವುದು ಇದಕ್ಕೇ ಅಲ್ವಾ? ಬೆಳಗಾವಿಯ ನಮ್ಮ ತವರುಮನೆಯಲ್ಲಿ ಒಮ್ಮೆ ಮಳೆಗಾಲದಲ್ಲಿ ಬುಟ್ಟಿಯ ತಳಕ್ಕೆ ಕೈ ಹಾಕಿದೆ. ಬೆರಳು ಜಾರಿತು. ಒಂದು ಬಟಾಟಿ ಕರಗಿ ನೀರಾಗಿತ್ತು. ಅದಕ್ಕೆ ತಾಗಿದ ಉಳ್ಳಾಗಡ್ಡಿಗಳ ಸಿಪ್ಪೆ ಕಪ್ಪಾಗಿ ಒಳಗಿನ ಪದರ ಮೆತ್ತಗಾಗಿತ್ತು. ಆ ವಾಸನೆ ಎರಡು ದಿನ ಅಡುಗೆಮನೆ ಬಿಡಲಿಲ್ಲ.

ನಿಮ್ಮಲ್ಲಿ ಮಳೆ ಕಡಿಮೆ, ಆದರೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಸೆಖೆಗೆ ಬಟಾಟಿ ಬೇಗ ಮೊಳಕೆ ಒಡೆಯುತ್ತದೆ. ಹಾಗಂತ ಫ್ರಿಜ್‌ಗೆ ಹಾಕಬೇಡಿ. ಅಲ್ಲಿನ ಅತಿ ತಂಪಿಗೆ ಅದರ ಪಿಷ್ಟ ಸಕ್ಕರೆಯಾಗುತ್ತದೆ, ಕರಿದರೆ ಬೇಗ ಕಪ್ಪಾಗುತ್ತದೆ. ಒಂದು ವಾರಕ್ಕೆ ಸಾಕಾಗುವಷ್ಟೇ ತಂದು, ಒಲೆಯಿಂದ ದೂರ, ಕತ್ತಲೆ ಮೂಲೆಯಲ್ಲಿ ಗೋಣಿಚೀಲದ ಮೇಲೆ ಹರಡಿ. ಬೆಳಕು ತಾಗಿ ಹಸಿರಾದರೆ ದಯವಿಟ್ಟು ತಿನ್ನಬೇಡಿ. ಹಸಿರಾದ ಬಟಾಟಿಯಲ್ಲಿ ಸೋಲನಿನ್ ಎಂಬ ವಿಷ ಜಾಸ್ತಿ ಇರುತ್ತದೆ, ಕುದಿಸಿದರೂ ಹೋಗುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಇದನ್ನು ಮರೆಯಲೇಬಾರದು.

ಉಳ್ಳಾಗಡ್ಡಿಯನ್ನು ಜಾಳಿಗೆ ಚೀಲದಲ್ಲಿ ತೂಗುಹಾಕಿ. ಬಳ್ಳೊಳ್ಳಿ ಅದರ ಜೊತೆ ಇದ್ದರೆ ಪರವಾಗಿಲ್ಲ.

ಇನ್ನು ಸವತಿಕಾಯಿ. ಅದರ ಪಕ್ಕದಲ್ಲಿ ಹಣ್ಣಾದ ಟೊಮೆಟೊ ಅಥವಾ ಬಾಳೆಹಣ್ಣು ಇತ್ತಾ ನೋಡಿ. ಹಣ್ಣಾಗುವಾಗ ಇವು ಎಥಿಲೀನ್ ಎಂಬ ಅನಿಲ ಬಿಡುತ್ತವೆ. ಮಾವಿನಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿಟ್ಟರೆ ಬೇಗ ಹಣ್ಣಾಗುವುದೂ ಆ ಅನಿಲ ಒಳಗೇ ನಿಲ್ಲುವುದರಿಂದ. ಮಾವಿಗೆ ಒಳ್ಳೆಯದಾದದ್ದು ಸವತಿಕಾಯಿಗೆ ಕೆಟ್ಟದ್ದು. ಮೆಂತ್ಯೆ ಪಲ್ಲೆಯ ಎಲೆ ಹಳದಿಯಾಗುತ್ತದೆ, ಗಜ್ಜರಿ ಕಹಿಯಾಗುತ್ತದೆ.

ಹಾಗಾಗಿ ಟೊಮೆಟೊ ಹೊರಗೆ ತಟ್ಟೆಯಲ್ಲಿ ಬೇರೆಯೇ ಇರಲಿ. ಪಲ್ಲೆಯನ್ನು ತೊಳೆಯದೆ, ಬೇರು ಕತ್ತರಿಸಿ, ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ. ಬಾಳೆಹಣ್ಣಿನ ಗೊನೆ ಮೊಳೆಗೆ ತೂಗಾಡಲಿ, ಬುಟ್ಟಿಯ ಹತ್ತಿರ ಬೇಡ.